ಪಾಯದಾಗ ಹುಗಿದ ಪೆನ್‌ಡ್ರೈವ್ ಹಾಡೀತೇ?

ಚಿತ್ತಾಪುರ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಮುತ್ಯಾ ಹಾಡಿದ ನಲವತ್ತು ತತ್ವಪದ ಮೊಬೈಲಿನಾಗ ರೆಕಾರ್ಡ್ ಮಾಡೀವಿ. ಪೆನ್‌ಡ್ರೈವಿಗೆ ಹಾಕಿ, ಸ್ಟೀಲ್ ಡಬ್ಬಿಯೊಳಗಿಟ್ಟು ಹೊಸ ಮನಿ ಪಾಯದಾಗ ಹುಗೀಬೇಕಂತೀವಿ. ಹತ್ತು ಸಾವಿರ ವರ್ಷದ ಮ್ಯಾಲ ಅಗೆದವರಿಗೆ ಕೇಳಸ್ತದೇನ್ರಿ?”

ಇಲ್ರಿ. ಹತ್ತು ಸಾವಿರ ಬಿಡಿ, ಮೊಮ್ಮಕ್ಕಳ ಮದುವೆ ಹೊತ್ತಿಗೇ ಅದು ಮೂಕಾಗಿರಬಹುದು. ಪೆನ್‌ಡ್ರೈವಿನಲ್ಲಿ ಹಾಡು ಉಳಿಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಲ್ಲಿ ಕೂಡಿಟ್ಟ ವಿದ್ಯುತ್ ಚಾರ್ಜಿನ ರೂಪದಲ್ಲಿ. ವರ್ಷಗಟ್ಟಲೆ ಕರೆಂಟ್ ಕಾಣದಿದ್ದರೆ ಅದು ಮೆಲ್ಲಗೆ ಸೋರಿಹೋಗುತ್ತದೆ. ಮೇಲಾಗಿ ನಮ್ಮದು ಎರಿಮಣ್ಣು, ತೇವ ಹಿಡಿದರೆ ಬಿಡುವುದಿಲ್ಲ.

ಚಾರ್ಜ್ ಉಳಿಯಿತೆಂದೇ ಇಟ್ಟುಕೊಳ್ಳಿ. ಓದುವವರಾರು? ನಮ್ಮ ಕಚೇರಿಯ 2002ರ ಸಂಚಿಕೆಗಳ ಸಿ.ಡಿ. ಮೊನ್ನೆ ಹಾಕಿ ನೋಡಿದೆವು. ಫೈಲು ತೆರೆಯಿತು, ಕನ್ನಡ ಮಾತ್ರ ಇಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ವೇಷ ಹಾಕುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಟೋಪಿ, ಕೊಂಬು ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. “ಸರ್, ಇದ್ಯಾವ ದೇಶದ ಭಾಷಾ?” ಎಂದಳು ಡಿ.ಟಿ.ಪಿ. ಹುಡುಗಿ. ಅದು ನಾನೇ ಬರೆದ ಸಂಪಾದಕೀಯ.

ನಿಮ್ಮ ತಾಲ್ಲೂಕಿನ ಸನ್ನತಿಯನ್ನೇ ನೋಡಿ. ಚಂದ್ರಲಾಂಬೆಯ ಗುಡಿ ಆವರಣದ ಕಾಳಿ ಗುಡಿ ಕುಸಿದಾಗ, ಮೂರ್ತಿಯ ಕೆಳಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಎರಡೂ ಮಗ್ಗುಲಿಗೆ ಅಕ್ಷರ, ನಟ್ಟನಡುವೆ ಮೂರ್ತಿ ನಿಲ್ಲಿಸಲು ಕೊರೆದ ತೂತು! ಕೊರೆದವನಿಗೆ ಅದು ಬರಹವೆಂದು ಹೊಳೆದಿತ್ತೋ ಇಲ್ಲವೋ. ಶಾಸನದ ಬ್ರಾಹ್ಮಿ ಲಿಪಿ ಮರೆತೇಹೋಗಿತ್ತು. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಅದನ್ನು ಪೂರ್ತಿ ಬಿಡಿಸಿದ್ದು 1837ರ ಸುಮಾರಿಗೆ. ಕಲ್ಲು ಗಟ್ಟಿಯಿದ್ದರೂ ಓದು ಸತ್ತಿತ್ತು.

ಗಟ್ಟಿ ಸಾಮಾನು ಈಗಲೂ ಇದೆ. ಮೈಕ್ರೋಸಾಫ್ಟ್ 2019ರಲ್ಲಿ 75 ಮಿ.ಮೀ. ಚೌಕದ ಗಾಜಿನೊಳಗೆ ಲೇಸರಿನಿಂದ ಇಡೀ ಸಿನಿಮಾ ಬರೆದಿಟ್ಟಿತು. ಕುದಿಸಿದರೂ ಉಜ್ಜಿದರೂ ಅಳಿಯಲಿಲ್ಲ. ಓದಲು ಮಾತ್ರ ಸೂಕ್ಷ್ಮದರ್ಶಕ ಬೇಕು, ಗುಟ್ಟು ಬಿಡಿಸುವ ಪ್ರೋಗ್ರಾಂ ಬೇಕು. ಉತ್ತರ ಧ್ರುವದ ಹತ್ತಿರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹಳೇ ಕಲ್ಲಿದ್ದಲು ಗಣಿಯಲ್ಲಿ 2020ರಲ್ಲಿ 21 ಟೆರಾಬೈಟ್ ಸಾಫ್ಟ್‌ವೇರನ್ನು ಫಿಲ್ಮ್ ಸುರುಳಿಗಳಲ್ಲಿ ಇಟ್ಟವರು ಜಾಣರು: ಇದನ್ನು ಓದುವುದು ಹೇಗೆಂದು ಕಣ್ಣಿಗೇ ಕಾಣುವ ಅಕ್ಷರದಲ್ಲಿ ಜೊತೆಗೇ ಬರೆದಿಟ್ಟರು.

ಇನ್ನೊಂದು ದಾರಿ ಸೇಡಂ ಕಡೆಯದು. ಮಳಖೇಡದ ರಾಷ್ಟ್ರಕೂಟರ ಕಾಲದ ‘ಕವಿರಾಜಮಾರ್ಗ’ದ ಮೂಲ ಓಲೆ ಎಲ್ಲಿದೆ? ಉಳಿದಿಲ್ಲ. ಒಂದು ಓಲೆ ಹುಳ ಹಿಡಿಯುವ ಮೊದಲೇ ಯಾರೋ ಇನ್ನೊಂದಕ್ಕೆ ಇಳಿಸುತ್ತ ಬಂದರು, 1898ರಲ್ಲಿ ಅಚ್ಚಾಯಿತು. ನನ್ನ ಒಲವು ಇವರ ಕಡೆಗೇ.

ಹಾಡುಗಳನ್ನು ವೇವ್ (.wav) ಫೈಲಾಗಿ ಇಡಿ, ಪದಗಳನ್ನು ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿಯಲ್ಲಿ, ಟೈಪ್ ಮಾಡಿಸಿ. ಮೂರು ಪ್ರತಿ ಮಾಡಿ, ಒಂದು ಬೇರೆ ಊರಲ್ಲಿರಲಿ. ಯುಗಾದಿಗೊಮ್ಮೆ ಹಚ್ಚಿ ಕೇಳಿ, ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಇಳಿಸಿ. ಪಾಯದಾಗ ಏನಾದರೂ ಹುಗಿಯಲೇಬೇಕೆಂದರೆ ಒಂದು ಪದದ ಪಲ್ಲವಿಯನ್ನು ಶಹಾಬಾದ್ ಕಲ್ಲಿನಲ್ಲಿ ಆಳವಾಗಿ ಕೆತ್ತಿಸಿ, ಅಕ್ಷರದ ಮಗ್ಗುಲು ಕೆಳಗೆ ಮಾಡಿ ಇಡಿ.

ಮೂರರಲ್ಲಿ ಒಂದು ಪ್ರತಿ ನಮ್ಮ ಕಚೇರಿಗೂ ಕಳಿಸಿ. ಈ ಸಲ ನಾವೂ ಯೂನಿಕೋಡ್‌ಗೆ ಬಂದೀವಿ.