90 ಜನರಲ್ಲಿ 53 ಮಂದಿ ಉಳಿಯುವ ಲೆಕ್ಕ

ಪ್ರಶ್ನೆ: ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್ ತಂಡಗಳು ಶಿಬಿರಕ್ಕೆ 90 ಆಟಗಾರರನ್ನು ಕರೆದು, ಸೀಸನ್‌ಗೆ 53 ಜನರನ್ನು ಉಳಿಸಿಕೊಳ್ಳುತ್ತವಂತೆ. ನಮ್ಮ ಕಬಡ್ಡಿ ತಂಡಕ್ಕೆ 12 ಜನ ಸಾಕು, ಅಲ್ಲಿ ಇಷ್ಟೊಂದು ಯಾಕೆ? ಪಟ್ಟಿ ನೋಡಿ ತಂಡ ಗಟ್ಟಿಯಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಕಬಡ್ಡಿಯಲ್ಲಿ ರೇಡ್ ಮಾಡಿ ಬಂದವನೇ ಮರುಕ್ಷಣ ಹಿಡಿಯಲೂ ನಿಲ್ಲುತ್ತಾನೆ. ಅಲ್ಲಿ ದಾಳಿಗೆ 11 ಜನ, ರಕ್ಷಣೆಗೆ ಬೇರೆಯೇ 11, ಚೆಂಡು ಒದೆಯುವವರು ಪ್ರತ್ಯೇಕ.

ಪಟ್ಟಿಯಲ್ಲಿ ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಹೆಸರು ನೋಡಿ ನಿಲ್ಲಿಸಬೇಡಿ. ಅವನ ಮುಂದೆ ಗೋಡೆಯಾಗಿ ನಿಲ್ಲುವ ಆಫೆನ್ಸಿವ್ ಲೈನ್ ಎಣಿಸಿ. ಮೈದಾನದಲ್ಲಿ ಐವರು, ಪಟ್ಟಿಯಲ್ಲಿ ಎಂಟೊಂಬತ್ತು ಜನ ಬೇಕು. ಆ ಸಾಲಿನ ಎಡತುದಿಯಲ್ಲಿ ನಿಲ್ಲುವ ಆಟಗಾರ, ಅಂದರೆ ಎಡ ಟ್ಯಾಕಲ್, ಗಾಯಗೊಂಡಾಗ ಅವನ ಪಕ್ಕದಲ್ಲಿ ನಿಲ್ಲುವ ಗಾರ್ಡ್‌ನನ್ನು ಅಲ್ಲಿಗೆ ಸರಿಸಿದರೆ ಒಂದರ ಬದಲು ಎರಡು ಜಾಗ ಸಡಿಲಾಗುತ್ತವೆ. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಇರುವುದೇ ಎಡಬದಿಗೆ. ಅತ್ತಲಿಂದ ನುಗ್ಗಿ ಬರುವವನು ಅವನ ಕಣ್ಣಿಗೆ ಬೀಳುವುದಿಲ್ಲ. ಆ ಜಾಗಕ್ಕೆ ಪಳಗಿದ ಬದಲಿ ಆಟಗಾರನಿಲ್ಲದ ತಂಡವನ್ನು ನಾವು ಗಟ್ಟಿ ಎನ್ನಲಾರೆವು.

ಕೈಬಿಟ್ಟವರೆಲ್ಲ ದೂರವಾಗುವುದಿಲ್ಲ. 16 ಜನರನ್ನು ಅಭ್ಯಾಸ ತಂಡದಲ್ಲಿ ಇಟ್ಟುಕೊಂಡು, ಪಂದ್ಯಕ್ಕೆ ಇಬ್ಬರನ್ನು ಮೇಲೆತ್ತಬಹುದು. ಆದರೆ ಹೊಸಬರು ಮೊದಲು ವೇವರ್, ಅಂದರೆ ಕೈಬಿಟ್ಟವರನ್ನು ಬೇರೆ ತಂಡಗಳು ಕೇಳಿ ಪಡೆಯಬಹುದಾದ ಅವಧಿ, ದಾಟಬೇಕು. ಆ ಹೊತ್ತಿನಲ್ಲಿ ಬೇರೆ ತಂಡ ಕೇಳಿತೆಂದರೆ ಹುಡುಗ ಅತ್ತ ಹೋದಂತೆಯೇ.