ಓಡದ ಕಾರಿಗೂ ಆಯಿಲ್ ಬದಲಿಸಬೇಕಾ?

ಓದುಗರ ಪ್ರಶ್ನೆಗಳಿಗೆ ಮಂಡ್ಯದ ಗ್ಯಾರೇಜ್ ಮೇಸ್ತ್ರಿಯೊಬ್ಬರ ಉತ್ತರ

ಪ್ರಶ್ನೆ: ನನ್ನದು 2015ರ ಸಣ್ಣ ಪೆಟ್ರೋಲ್ ಕಾರು. ನಿವೃತ್ತನಾದ ಮೇಲೆ ಓಡಾಟ ಕಡಿಮೆ. ಮಾರ್ಕೆಟ್ಟು, ಬ್ಯಾಂಕು, ರೈಲ್ವೆ ಸ್ಟೇಷನ್ನು, ಅಷ್ಟೆ. ಆಯಿಲ್ ಬದಲಿಸಿ ಮೂರು ವರ್ಷವಾಯಿತು, ಆದರೆ ಆರು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ. ಕಾರಿನ ಪುಸ್ತಕದಲ್ಲಿ 10,000ಕ್ಕೆ ಬದಲಿಸಿ ಎಂದಿದೆ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಕಟಕ ಶಬ್ದ. ಮೊನ್ನೆ ಮೇಲುಕೋಟೆ ಬೆಟ್ಟ ಹತ್ತಿ ನಿಲ್ಲಿಸಿದಾಗ ಕೆಂಪು ಆಯಿಲ್ ಲೈಟು ಮಿಣುಕಿತು. ಆಕ್ಸಿಲರೇಟರ್ ಒತ್ತಿದರೆ ಆರಿತು. ಸ್ವಲ್ಪ ಆಯಿಲ್ ಸೇರಿಸಿದರೆ ಸಾಕು ಎನ್ನುತ್ತಾನೆ ಮಗ. ಫ್ಲಶ್ (ಇಂಜಿನ್ನಿನ ಒಳಗನ್ನು ತೊಳೆಯುವ ದ್ರವ) ಹಾಕಿ ತೊಳೆಯೋಣ ಎನ್ನುತ್ತಾರೆ ಗ್ಯಾರೇಜಿನವರು. ಮುಂದಿನ ವಾರ ಬೆಂಗಳೂರಿಗೆ ಹೋಗಬೇಕು. ಹೋಗಬಹುದೇ?
(ನಿವೃತ್ತ ಶಿಕ್ಷಕರು, ಪಾಂಡವಪುರ)

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಕಾರಲ್ಲಿ ಬೆಂಗಳೂರಿಗೆ ಹೋಗಬೇಡಿ. ನಿಮ್ಮೂರಲ್ಲೇ ಸ್ಟೇಷನ್ ಇದೆ, ಈ ಸಲ ರೈಲು ಹತ್ತಿ.

ಪುಸ್ತಕ ಇನ್ನೊಂದು ಸಲ ತೆಗೆದು ಆ ಸಾಲನ್ನು ಪೂರ್ತಿ ಓದಿ. 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ ಅಂತ ಮಕ್ಕಳಿಗೆ ಹೇಳಿಕೊಂಡು ಬಂದವರು ನೀವು! ಇರಲಿ, ತಿಂಗಳ ಲೆಕ್ಕವನ್ನು ಮರೆಯುವವರೇ ಜಾಸ್ತಿ. ಕೆಲವು ಪುಸ್ತಕಗಳಲ್ಲಿ ಅದರ ಕೆಳಗೆ ಇನ್ನೊಂದು ಮಾತೂ ಇರುತ್ತದೆ. ಬರೀ ಸಣ್ಣ ದೂರ ಓಡಿಸುವವರು, ಧೂಳಲ್ಲಿ ಓಡಿಸುವವರು ಅದಕ್ಕೂ ಮುಂಚೆ ಬದಲಿಸಬೇಕು ಅಂತ.

ಸಣ್ಣ ದೂರ ಓಡಿದರೆ ಆಯಿಲ್ ಯಾಕೆ ಕೆಡುತ್ತದೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬುವುದು ಕಷ್ಟ, ಆದರೆ ನಿಜ. ಬೆಳಿಗ್ಗೆ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಿರುತ್ತೀರಲ್ಲ, ಅದೇ ಇದು. ಬಹುಪಾಲು ಹೊಗೆಯ ಜೊತೆ ಆವಿಯಾಗಿ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಜೊತೆಗೆ ಉರಿಯದ ಪೆಟ್ರೋಲೂ ಒಂದಿಷ್ಟು. ಅರ್ಧ ಗಂಟೆ ಬಿಡದೆ ಓಡಿಸಿದರೆ ಆಯಿಲ್ ಚೆನ್ನಾಗಿ ಬಿಸಿಯಾಗಿ ಆ ನೀರು ಹಾರಿಹೋಗುತ್ತದೆ. ಮಾರ್ಕೆಟ್ಟಿಗೆ ಹೋಗಿ ಬಂದರೆ ಎಲ್ಲಿ ಬಿಸಿಯಾಗಬೇಕು? ನೀರು ಅಲ್ಲೇ ಉಳಿಯುತ್ತದೆ, ಆಯಿಲ್ ಹುಳಿಯಾಗುತ್ತದೆ. ಕೊಳೆಯನ್ನು ಕರಗಿಸಿ ಹಿಡಿದಿಡಲು ಅದರಲ್ಲಿ ಕೆಲವು ರಾಸಾಯನಿಕ ಬೆರೆಸಿರುತ್ತಾರೆ. ಅವು ಖರ್ಚಾದ ಮೇಲೆ ಕೊಳೆ ಕೆಳಗೆ ಕೂರಲು ಶುರು. ಕೆ.ಎಂ.ದೊಡ್ಡಿ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆಯ ತಳಕ್ಕೆ ಅಂಟಿದ ಕರಿ ಮಡ್ಡಿ ನೋಡಿದ್ದೀರಾ? ಇಂಥ ಕಾರಿನ ಟ್ಯಾಪೆಟ್ ಕವರ್, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಬಿಚ್ಚಿದರೆ ಒಳಗೆ ಅದೇ. ಬೆರಳಲ್ಲಿ ಬಾಚಿ ತೆಗೆಯಬೇಕು.

ಈಗ ನಿಮ್ಮ ಟಕಟಕ. ಇಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇರುತ್ತದೆ. ಅಲ್ಲಿಂದ ಆಯಿಲ್ ಒಂದು ಜಾಲರಿ ದಾಟಿ, ಪಂಪಿಗೆ, ಫಿಲ್ಟರಿಗೆ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿಗೆ ಹೋಗಿ, ಕೊನೆಗೆ ವಾಲ್ವುಗಳಿರುವ ಮೇಲಿನ ಹೆಡ್ಡಿಗೆ ತಲುಪುತ್ತದೆ. ಜಾಲರಿಗೆ ಮಡ್ಡಿ ಮೆತ್ತಿಕೊಂಡರೆ ಮೊದಲು ಒಣಗುವುದು ಕೊನೆಯ ಮನೆ. ಅದಕ್ಕೇ ಶಬ್ದ ಮೇಲಿಂದ ಬರುತ್ತದೆ. ಫಿಲ್ಟರ್ ಇದೆಯಲ್ಲ ಎನ್ನಬೇಡಿ. ಅದು ಪೂರ್ತಿ ಕಟ್ಟಿಕೊಂಡರೆ ಒಳಗಿನ ಸಣ್ಣ ವಾಲ್ವ್ ತೆರೆದುಕೊಂಡು ಆಯಿಲನ್ನು ಸೋಸದೇ ಬಿಡುತ್ತದೆ. ಇಂಜಿನ್ ಒಣಗುವುದಕ್ಕಿಂತ ಕೊಳಕು ಆಯಿಲ್ ವಾಸಿ ಎಂದು ಹಾಗೆ ಮಾಡಿರುತ್ತಾರೆ.

ಕೆಂಪು ಲೈಟಿನ ಬಗ್ಗೆ ಜನರಿಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಅದು ಆಯಿಲ್ ಬದಲಿಸಲು ನೆನಪಿಸುವ ಲೈಟಲ್ಲ. ಆಯಿಲಿನ ಒತ್ತಡ ಬಿದ್ದುಹೋಗಿದೆ ಎಂದು ಅದರ ಅರ್ಥ. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಸಂದು ಸಾಮಾನ್ಯವಾಗಿ 0.05 ಮಿಲಿಮೀಟರಿಗೂ ಕಡಿಮೆ. ಅಲ್ಲಿ ಒತ್ತಡದಲ್ಲಿ ಆಯಿಲ್ ತುಂಬಿರುವುದರಿಂದಲೇ ಲೋಹಕ್ಕೆ ಲೋಹ ತಾಗುವುದಿಲ್ಲ. ಒತ್ತಡ ಹೋದರೆ ಬೇರಿಂಗ್ ಉಜ್ಜಿ, ಕಾದು, ಕ್ರ್ಯಾಂಕಿಗೆ ಕಚ್ಚಿಕೊಳ್ಳುತ್ತದೆ. ಅದೃಷ್ಟ ಕೆಟ್ಟರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಇಂಜಿನ್ನಿನ ಬ್ಲಾಕನ್ನೇ ಒಡೆದು ಆಚೆ ಬರುತ್ತದೆ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಶುರುವಾದ ಮೇಲೆ ನನ್ನ ಗ್ಯಾರೇಜಿಗೆ ಕಟ್ಟಿ ಎಳೆದುಕೊಂಡು ಬರುವ ಕಾರುಗಳಲ್ಲಿ ಇಂಥವು ಜಾಸ್ತಿ. ವಾರವೆಲ್ಲ ಊರೊಳಗೆ ಓಡಾಟ, ಭಾನುವಾರ ಒಂದೇ ಸಮ 100ರ ವೇಗ. ಮಡ್ಡಿ ತುಂಬಿದ ಇಂಜಿನ್ ಪಾಪ ಎಷ್ಟು ಹೊತ್ತು ತಡೆಯುತ್ತದೆ?

ಮಗನಿಗೆ ಹೇಳಿ: ಮಟ್ಟ ಕಡಿಮೆಯಿದ್ದರೆ ಸೇರಿಸಲೇಬೇಕು, ಆದರೆ ಒಳಗಿರುವ ಮಡ್ಡಿ ಅದರಿಂದ ಆಚೆ ಬರುವುದಿಲ್ಲ. ಇನ್ನು ಫ್ಲಶ್. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ ಇಂಜಿನ್ನಿಗೆ ಅದರ ಅಗತ್ಯವೇ ಇಲ್ಲ. ನಿಮ್ಮಂಥ ಇಂಜಿನ್ನಿಗೆ ಹಾಕಿದರೆ ಮಡ್ಡಿ ಗಡ್ಡೆಗಡ್ಡೆಯಾಗಿ ಎದ್ದು ಬಂದು ಜಾಲರಿಯನ್ನೇ ಮುಚ್ಚಬಹುದು. ನಾನಂತೂ ಹಾಕುವುದಿಲ್ಲ.

ಮೊದಲು ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ಮಟ್ಟ ನೋಡಿ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ರೇಡಿಯೇಟರ್ ನೀರು ಸೇರಿರಬಹುದು, ಅದರ ಕಥೆ ಬೇರೆ. ಆಮೇಲೆ ಕೆಂಪು ಲೈಟು ಹೊತ್ತಿಸುವ ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ಹಾಕಿಸಿ. ಒಮ್ಮೊಮ್ಮೆ ಸ್ವಿಚ್ಚೇ ಕೆಟ್ಟಿರುತ್ತದೆ, ಆಗ ನೂರಿನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಒತ್ತಡ ನಿಜಕ್ಕೂ ಕಡಿಮೆಯಿದ್ದರೆ ಚೇಂಬರ್ ಇಳಿಸಿ, ಜಾಲರಿ ತೊಳೆದು, ಹೊಸ ಫಿಲ್ಟರ್, ಹೊಸ ಆಯಿಲ್. ಹಳೇ ಫಿಲ್ಟರಿನ ರಬ್ಬರ್ ರಿಂಗು ಬ್ಲಾಕಿಗೆ ಅಂಟಿಕೊಂಡಿದ್ದರೆ ಕಿತ್ತು ತೆಗೆಯಲು ಹೇಳಿ. ಒಂದರ ಮೇಲೊಂದು ರಿಂಗು ಕೂತರೆ ಆಯಿಲೆಲ್ಲ ಸೋರಿಹೋಗುತ್ತದೆ. ಸಾವಿರ ಕಿಲೋಮೀಟರಿಗೆ ಮತ್ತೊಮ್ಮೆ ಆಯಿಲು, ಫಿಲ್ಟರು ಬದಲಿಸಿ. ಅಷ್ಟರಲ್ಲಿ ಹೊಸ ಆಯಿಲ್ ಮಡ್ಡಿಯನ್ನು ನಿಧಾನಕ್ಕೆ ಕರಗಿಸಿರುತ್ತದೆ. ಪುಸ್ತಕದಲ್ಲಿ ಹೇಳಿದ ಗ್ರೇಡನ್ನೇ ಹಾಕಿಸಿ. ದಪ್ಪ ಆಯಿಲ್ ಹಾಕಿದರೆ ಶಬ್ದ ನಿಲ್ಲುತ್ತದೆ ಎನ್ನುವವರು ಸಿಗುತ್ತಾರೆ. ಶಬ್ದ ನಿಲ್ಲಬಹುದು, ರೋಗ ಹಾಗೇ ಇರುತ್ತದೆ. ಸಣ್ಣ ಕಾರಿಗೆ ಹಿಡಿಯುವುದು ಮೂರು, ಮೂರೂವರೆ ಲೀಟರ್ ಅಷ್ಟೆ. ಇಂಜಿನ್ ಬಿಚ್ಚುವ ಖರ್ಚಿನ ಮುಂದೆ ಅದು ಚಿಲ್ಲರೆ ಕಾಸು.

ಪ್ರಶ್ನೆ: ಡೀಸೆಲ್ ಕಾರಿನ ಆಯಿಲ್ ಬದಲಿಸಿದ ಮಾರನೇ ದಿನವೇ ಕಡ್ಡಿಯಲ್ಲಿ ಕಪ್ಪಗೆ ಕಾಣಿಸಿತು. ನನಗೆ ಮೋಸ ಮಾಡಿದ್ದಾರಾ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಬಣ್ಣ ನೋಡಿ ಹಾಗೆ ಹೇಳಲಾಗುವುದಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಮಸಿ ಜಾಸ್ತಿ, ಹೊಸ ಆಯಿಲ್ ಒಂದೇ ದಿನದಲ್ಲಿ ಕಪ್ಪಾಗುತ್ತದೆ. ಅನುಮಾನವಿದ್ದರೆ ಮುಂದಿನ ಸಲ ಪಕ್ಕದಲ್ಲೇ ನಿಂತು ನೋಡಿ. ಡಬ್ಬ ನಿಮ್ಮ ಮುಂದೆ ಒಡೆಯಲಿ, ಹಳೇ ಫಿಲ್ಟರ್ ಕೈಗೆ ಕೊಡಲಿ. ಒಳ್ಳೆ ಮೇಸ್ತ್ರಿ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮ್ಮ ಕಾರಿಗೆ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇದ್ದರೆ ಇನ್ನೂ ಹುಷಾರು. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಹೆಚ್ಚು ತಿರುಗಬಲ್ಲದು, ಅದಕ್ಕೂ ಇದೇ ಆಯಿಲು. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದವರು ಒಂದು ನಿಮಿಷ ಐಡ್ಲಿಂಗಲ್ಲಿ ಬಿಟ್ಟು ಆಫ್ ಮಾಡಿ.

ಪ್ರಶ್ನೆ: ಮನೆಯಲ್ಲೇ ಆಯಿಲ್ ಬದಲಿಸುತ್ತೇನೆ. ಹಳೇ ಆಯಿಲನ್ನು ಏನು ಮಾಡಲಿ?
(ರೈತರು, ಮದ್ದೂರು)

ಉತ್ತರ: ನಾಲೆಗೆ, ಚರಂಡಿಗೆ, ಹಿತ್ತಿಲಿಗೆ ಸುರಿಯಬೇಡಿ. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಗೆದ್ದಲು ಹತ್ತದಿರಲಿ ಎಂದು ಬೇಲಿ ಗೂಟಕ್ಕೆ ಬಳಿಯುವ ರೂಢಿ ನಮ್ಮ ಕಡೆ ಇದೆ, ಆದರೆ ಅದು ಮಳೆಗೆ ತೊಳೆದು ಗದ್ದೆಗೇ ಇಳಿಯುತ್ತದೆ. ಬರಿಗೈಗೆ ಮೆತ್ತಿಕೊಳ್ಳುವುದೂ ಒಳ್ಳೆಯದಲ್ಲ, ಚರ್ಮಕ್ಕೆ ಕೆಟ್ಟದ್ದು. ಖಾಲಿ ಡಬ್ಬಕ್ಕೆ ತುಂಬಿ, ಬಿಗಿಯಾಗಿ ಮುಚ್ಚಿ, ಹತ್ತಿರದ ದೊಡ್ಡ ಗ್ಯಾರೇಜಿಗೆ ಕೊಡಿ. ಅಲ್ಲಿ ಡ್ರಮ್ಮಲ್ಲಿ ಕೂಡಿಟ್ಟು, ಶುದ್ಧ ಮಾಡಿ ಮತ್ತೆ ಬಳಸುವವರಿಗೆ ಕಳಿಸುತ್ತಾರೆ. ಕೊಡುವ ಮೊದಲು ಅವರು ಹಾಗೆ ಕಳಿಸುತ್ತಾರಾ ಎಂದು ಒಂದು ಮಾತು ಕೇಳಿ.