ಡಬ್ಲಿನ್ ಸಮುದ್ರಕ್ಕೆ ಬಾವಿ ಈಜು ಸಾಕಾ?

ತಿಪಟೂರಿನಿಂದ ಜನವರಿಯಲ್ಲಿ ಬಂದೆ, ಆಫೀಸಿನವರು ಭಾನುವಾರ ಇಲ್ಲಿನ ಸಮುದ್ರದ ಈಜು ಜಾಗ ಫಾರ್ಟಿ ಫುಟ್‌ಗೆ ಈಜೋಕೆ ಕರೀತಿದ್ದಾರೆ, ತೋಟದ ಬಾವಿಯಲ್ಲಿ ಕಲಿತವನು ನಾನು, ಹೋಗಬಹುದಾ, ಏನೇನು ಕೊಳ್ಳಬೇಕು, ಮನೆಯವರನ್ನೂ ಕರ್ಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ತಿಪಟೂರು ಅಂತ ನೋಡಿ ಬರೆಯೋಕೆ ಕೂತೆ. ನಮ್ಮದು ತುರುವೇಕೆರೆ ಕಡೆ.

ನಾನು ಬಂದ ಹೊಸದರಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಡಾರ್ಟ್ ರೈಲಿನಲ್ಲಿ ಕೂತಿದ್ದರೆ, ಕಿಟಕಿಯಾಚೆ ಇನ್ನೊಂದು ಈಜು ಜಾಗವಾದ ಸೀಪಾಯಿಂಟ್‌ನಲ್ಲಿ ಅಜ್ಜಿಯರು ಹರಟೆ ಹೊಡೆಯುತ್ತಾ ನೀರಿಗೆ ಇಳಿಯುತ್ತಿದ್ದರು. ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ನಾನೂ ಆ ಗುಂಪಿನಲ್ಲೇ ಇದ್ದೀನಿ ಬಿಡಿ.

ಮನೆಯವರು ಧಾರಾಳವಾಗಿ ಬರಲಿ. ಫಾರ್ಟಿ ಫುಟ್ ಒಂದು ಕಾಲದಲ್ಲಿ ಗಂಡಸರಿಗೆ ಮಾತ್ರ ಅಂತಿತ್ತು, 1974ರಲ್ಲಿ ಕೆಲವು ಹೆಂಗಸರು ಹಟ ಹಿಡಿದು ಇಳಿದರು, ಈಗ ಎಲ್ಲರದ್ದೂ. ಸಾಮಾನಿನ ಚಿಂತೆಯೂ ಬೇಡ. ಉಣ್ಣೆ ಟೋಪಿ, ರಬ್ಬರಿನ ಕೈಗವಸು, ಕಾಲಿಗೆ ಅದರದ್ದೇ ಶೂ, ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಗಾಳಿ ಚೀಲ. ನಮ್ಮ ಸೋರೆಬುರುಡೆಯ ತಮ್ಮ ಅಂದ್ಕೊಳ್ಳಿ. ಈಜಿ ಬಂದ ಮೇಲೆ ಹೊದೆಯುವ ದೊಡ್ಡ ದುಬಾರಿ ಕೋಟು ಆಮೇಲೆ ನೋಡಿದರಾಯ್ತು.

ಹೇಳಬೇಕಾದ ಮಾತು ಒಂದೇ. ಬಾವಿಯಲ್ಲಿ ಕಲಿತ ನಾವು ನೀರು ಕಂಡರೆ ಧುಮುಕುತ್ತೇವೆ. ಮೆಟ್ಟಿಲಿಳಿದು ಹೋದರೆ ಹುಡುಗರು ನಗುತ್ತಿದ್ದರಲ್ವಾ? ಇಲ್ಲಿ ಆ ಗತ್ತು ಮನೆಯಲ್ಲಿಟ್ಟು ಬನ್ನಿ. ನಮ್ಮ ಬಾವಿ ನೀರು ಎಷ್ಟೇ ತಣ್ಣಗಿದ್ದರೂ 20 ಡಿಗ್ರಿ ಮೇಲೇ. ಇಲ್ಲಿ ಏಪ್ರಿಲ್‌ನಲ್ಲಿ 9ರ ಆಸುಪಾಸು. ಮೇ ತಿಂಗಳ ಬಿಸಿಲು ನೋಡಿ ಮೋಸ ಹೋಗಬೇಡಿ, ಗಾಳಿ ಬೆಚ್ಚಗಾದಷ್ಟು ಬೇಗ ಸಮುದ್ರ ಬೆಚ್ಚಗಾಗಲ್ಲ. 15ಕ್ಕಿಂತ ಕಡಿಮೆ ಇರುವ ನೀರಿಗೆ ಒಮ್ಮೆಲೇ ಬಿದ್ದರೆ ಚರ್ಮಕ್ಕೆ ಚಳಿ ಹೊಡೆದು ನಮ್ಮನ್ನು ಕೇಳದೆ ಬಾಯಿ ತೆರೆದು ಉಸಿರು ಒಳಗೆ ಎಳೆದುಕೊಳ್ಳುತ್ತೆ, ಆ ಗಳಿಗೆಯಲ್ಲಿ ಮುಖ ನೀರೊಳಗಿದ್ದರೆ ನೀರೇ ಒಳಗೆ ಹೋಗೋದು, ಆಗ ಎಷ್ಟು ದೊಡ್ಡ ಈಜುಗಾರನಾದರೂ ಒಂದೇ. ಎದೆ ಬಡಿತ, ಬಿಪಿ ಎರಡೂ ಏರುತ್ತೆ. ಒಂದೆರಡು ನಿಮಿಷದಲ್ಲಿ ತಾನಾಗೇ ಇಳಿಯುತ್ತೆ. ಅದಕ್ಕೇ ಕಂಬಿ ಹಿಡಿದು ಇಳಿಯಿರಿ, ಕತ್ತು, ಮುಖಕ್ಕೆ ನೀರು ಎರಚಿಕೊಳ್ಳಿ, ಉಸಿರು ಹದಕ್ಕೆ ಬಂದ ಮೇಲೆ ಈಜು. ತಪ್ಪಿ ಬಿದ್ದರೆ ಕೈಕಾಲು ಬಡಿಯಬೇಡಿ. ಕಿವಿ ಮುಳುಗುವಷ್ಟು ತಲೆ ಹಿಂದಕ್ಕೆ ಹಾಕಿ ಅಂಗಾತ ತೇಲಿ. ಆಮೇಲೆ ಕೂಗಿ.

ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಇಳಿಯಲೇಬೇಡಿ. ಅಪ್ಪ ಒಂದು ಸಲ ಜುಲೈನಲ್ಲಿ ಬಂದಿದ್ದರು. ನನಗೆ ಈಜು ಕಲಿಸಿದ್ದೇ ಅವರು. ಸೀಪಾಯಿಂಟ್‌ನ ಇಳಿಜಾರಿನಲ್ಲಿ ಪ್ಯಾಂಟ್ ಮಡಚಿ ಮೊಣಕಾಲವರೆಗೆ ನಿಂತು, ಬೊಗಸೆ ನೀರು ತಲೆಗೆ ಪ್ರೋಕ್ಷಣೆ ಮಾಡ್ಕೊಂಡು, 'ಇಷ್ಟೇನಾ ಚಳಿ, ಇಳೀಲೇನೋ?' ಅಂದರು. ಬೆಳಗ್ಗೆ, ರಾತ್ರಿ ಬಿಪಿ ಮಾತ್ರೆ ತಗೊಳ್ಳೋ ಮನುಷ್ಯ. ಬೇಡ ಅಂದೆ. ಮರುಮಾತಾಡದೆ ಪ್ಯಾಂಟ್ ಇಳಿಸಿಕೊಂಡು, ಒದ್ದೆ ಕಾಲಲ್ಲೇ ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ಈ ಕಡೆ ಬರೋಕೆ ಅವರಿಗೆ ಆಗಲಿಲ್ಲ. ಈಗ ಕೇಳಿದರೂ ಬೇಡ ಅಂತಲೇ ಅಂತೀನಿ, ಆದರೆ ನಾನು ಇಳಿದಾಗೆಲ್ಲ ಅದು ಚುಚ್ಚುತ್ತೆ.

ಎಷ್ಟು ಹೊತ್ತು ಅಂದರೆ, ಮೊದಲ ಸಲ ಎರಡು ಮೂರು ನಿಮಿಷ ಸಾಕು. ಇನ್ನೂ ಇರಬೇಕು ಅನ್ನಿಸುವಾಗಲೇ ಹೊರಗೆ ಬನ್ನಿ, ಬೆರಳು ಮರಗಟ್ಟಿದರೆ ಕಂಬಿ ಹಿಡಿಯೋಕೂ ಆಗಲ್ಲ. ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಮೈ ಒಳಗೆ ತಣ್ಣಗಾಗುತ್ತಲೇ ಇರುತ್ತೆ, ನಡುಕ ಶುರುವಾಗೋದೇ ಆಗ. ಮನೆಗೆ ಓಡಿ ಹಂಡೆ ನೀರು ಸುರಿದುಕೊಳ್ಳೋ ಆಸೆ ಬೇಡ, ಬಿಸಿನೀರು ಒಮ್ಮೆಲೇ ಬಿದ್ದರೆ ತಲೆ ಸುತ್ತಿ ಬೀಳಬಹುದು. ಮೈ ಒರೆಸಿ, ಮೊದಲು ಎದೆ ಮುಚ್ಚುವ ಬಟ್ಟೆ, ಟೋಪಿ, ಆಮೇಲೆ ಫ್ಲಾಸ್ಕಿನ ಟೀ. ನಡುಕ ನಿಲ್ಲುವ ತನಕ ಕಾರು ಓಡಿಸಬೇಡಿ.

ಒಬ್ಬರೇ ಹೋಗಬೇಡಿ, ಜೋರು ಮಳೆಯಾದ ಮರುದಿನವೂ ಬೇಡ, ಕೊಳಚೆ ಸೇರಿರುತ್ತೆ. ಯಾರಿಗಾದರೂ ಹೆಚ್ಚುಕಮ್ಮಿಯಾದರೆ 112ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡ್ ಬೇಕು ಅನ್ನಿ. ಆಫೀಸಿನವರಿಗೆ ಫಾರ್ಟಿ ಫುಟ್ ಬದಲು ಸೀಪಾಯಿಂಟ್‌ಗೆ ಹೋಗೋಣ ಅಂತ ಹೇಳಿ ನೋಡಿ, ಇಳಿಜಾರಿರುವುದರಿಂದ ಹೊಸಬರಿಗೆ ಸಲೀಸು. ಸಮುದ್ರದ ನೀರು ಏರುವ ಭರತ ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಕೊಳ್ಳಿ, ಇಳಿತದಲ್ಲಿ ಹೋದರೆ ಕಲ್ಲು, ಪಾಚಿ ಮೇಲೆ ಸುಮ್ನೆ ನಡೆದು ಬರೋದಾಗುತ್ತೆ.